ರೊಕ್ಕ ಅವರದು, ಫೋಟೋ ನಮ್ಮದು, ಹೆಸರು ಊರಿನದು

ನಿಮ್ಮ ಅಂಗಡಿಯ ಹೆಸರಲ್ಲಿ ಯಾರೋ ನಕಲಿ ಪೇಜ್ ತೆರೆದು ಜನರ ದುಡ್ಡು ಹೊಡೆಯುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಕೈ ಹೋಗುವುದು ‘ರಿಪೋರ್ಟ್’ ಬಟನ್ ಮೇಲೆ. ಸ್ವಲ್ಪ ತಡೆಯಿರಿ. ಪೇಜ್ ಮಾಯವಾದರೆ ಅದರ ಜೊತೆ ನಿಮ್ಮ ಸಾಕ್ಷಿಯೂ ಮಾಯವಾಗುತ್ತದೆ. ನಮ್ಮನ್ನು ಹಾಗೆ ತಡೆದವರು ಬಾಗಲಕೋಟೆಯಲ್ಲಿ ವಕೀಲಿ ಮಾಡುವ, ನಮ್ಮ ಮನೆಯವರ ದೊಡ್ಡಪ್ಪನ ಮಗಳು. ಮನೆಯಲ್ಲಿ ಎಲ್ಲರೂ ಅವರನ್ನು ವಕೀಲಕ್ಕ ಅಂತಲೇ ಕರೆಯುವುದು.

ನಾವು ಇಳಕಲ್ಲಿನವರು. ಮನೆಯಲ್ಲಿ ಎರಡು ಕೈಮಗ್ಗ ಇವೆ. ಅದರಲ್ಲಿ ನೇಯ್ದ ಸೀರೆ ಸಾಕಾಗದಿದ್ದರೆ ಓಣಿಯ ನೇಕಾರರಿಂದ ಕೊಂಡು ಮಾರುತ್ತೇವೆ. ಕೋವಿಡ್ ಸಮಯದಲ್ಲಿ ಅಂಗಡಿ ಮುಚ್ಚಿದಾಗ ಮೈದುನ ಒಂದು ಪೇಜ್ ತೆರೆದ. ಈಗ ಅರ್ಧಕ್ಕಿಂತ ಜಾಸ್ತಿ ವ್ಯಾಪಾರ ಅದರಲ್ಲೇ ಆಗುತ್ತದೆ. ಅವನು ಫೋಟೋ, ರೀಲ್ಸ್ ನೋಡಿಕೊಳ್ಳುತ್ತಾನೆ. ಮೆಸೇಜಿಗೆ ಉತ್ತರ ಕೊಡುವುದು ನಾನು. ಪಾರ್ಸೆಲ್ ಕಟ್ಟುವುದು ನಮ್ಮ ಮನೆಯವರು.

2024ರ ದಸರೆಗೆ ಮುಂಚೆ ಹುಬ್ಬಳ್ಳಿಯಿಂದ ಒಬ್ಬರು ಫೋನ್ ಮಾಡಿದರು. ‘ಅಕ್ಕಾರ, ರೊಕ್ಕ ಹಾಕಿ ವಾರ ಆತು, ಸೀರಿ ಇನ್ನೂ ಬಂದಿಲ್ಲಲ್ರೀ?’ ನನ್ನ ಪುಸ್ತಕದಲ್ಲಿ ಅವರ ಹೆಸರೇ ಇರಲಿಲ್ಲ. ಎಷ್ಟು ಹಾಕಿದ್ರಿ ಅಂತ ಕೇಳಿದೆ. 1,299 ಅಂದರು. ನಮ್ಮಲ್ಲಿ ಆ ಬೆಲೆಗೆ ರೇಷ್ಮೆ ಸೆರಗಿನ ಸೀರೆ ಇಲ್ಲವೇ ಇಲ್ಲ. ಅವರು ಕಳಿಸಿದ ಲಿಂಕ್ ತೆರೆದರೆ ನಮ್ಮದೇ ಪೇಜ್! ಹೆಸರು ಅದೇ, ಕೊನೆಯಲ್ಲಿ ಒಂದು ಅಡಿಗೆರೆ ಮಾತ್ರ ಹೆಚ್ಚು. ಫೋಟೋಗಳು ಅವೇ, ಕೆಳಗೆ ನಾನು ಬರೆದ ಮಾತುಗಳೂ ಅವೇ. ಒಂದು ಫೋಟೋದಲ್ಲಿ ಹಿಂದಿರುವ ಅಂಗಡಿ ಬೋರ್ಡನ್ನು ಕತ್ತರಿಸದೆ ಬಿಟ್ಟಿದ್ದರು. ಅದರಲ್ಲಿದ್ದ ನಂಬರ್ ನೋಡಿಯೇ ಹುಬ್ಬಳ್ಳಿಯವರು ನಮಗೆ ಫೋನ್ ಮಾಡಿದ್ದು.

ಮೈದುನ ಆಗಲೇ ರಿಪೋರ್ಟ್ ಒತ್ತಲು ಹೊರಟಿದ್ದ. ವಕೀಲಕ್ಕನಿಗೆ ಫೋನ್ ಹಚ್ಚಿದೆವು. ಅವರು ಕೇಳಿದ ಮೊದಲ ಪ್ರಶ್ನೆ ನಮಗೆ ವಿಚಿತ್ರ ಅನಿಸಿತು. ‘ಕಳಕೊಂಡೋರು ಯಾರು? ನೀವೋ, ಆ ಹುಬ್ಬಳ್ಳಿಯವರೋ?’ ಇಬ್ಬರೂ ಅಂದೆ. ‘ಹಂಗಲ್ಲವ್ವ. ರೊಕ್ಕ ಅವರದು. ಅದರ ದೂರು ಅವರೇ ಕೊಡಬೇಕು. ಫೋಟೋ, ಹೆಸರು ನಿಮ್ಮದು. ಅದರ ದೂರು ನೀವು ಕೊಡಬೇಕು. ಒಬ್ಬರ ಕೆಲಸ ಇನ್ನೊಬ್ಬರು ಮಾಡಾಕ ಹೋದ್ರ ಎರಡೂ ಕೆಡ್ತಾವ.’ ಮುಂದೆ ಇಡೀ ಪ್ರಕರಣದಲ್ಲಿ ಅವರು ಕೇಳುತ್ತಿದ್ದದ್ದು ಇದೊಂದೇ: ಇದು ಯಾರದು?

ದುಡ್ಡಿನ ದಾರಿ ಹೀಗಿದೆ. ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡವರು 1930ಕ್ಕೆ ಕರೆ ಮಾಡಬೇಕು. ಅಥವಾ ಕೇಂದ್ರ ಗೃಹ ಇಲಾಖೆಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು. ಅಲ್ಲಿ ಕೇಳುವುದು ಯಾವ ಬ್ಯಾಂಕು, ಎಷ್ಟು ಹಣ, ಯಾವ ದಿನ, ಎಷ್ಟು ಗಂಟೆ, ಮತ್ತೆ ಯುಟಿಆರ್ ಸಂಖ್ಯೆ, ಅಂದರೆ ಆ ಪಾವತಿಯ ಗುರುತಿನ ಸಂಖ್ಯೆ. ಈ ಸಂಖ್ಯೆ ಯುಪಿಐ ಆ್ಯಪ್‌ನ ಪಾವತಿ ವಿವರದಲ್ಲೇ ಇರುತ್ತದೆ, ಯುಪಿಐನಲ್ಲಾದರೆ 12 ಅಂಕಿ. ಇದನ್ನೆಲ್ಲ ನಾವು ಅವರ ಪರವಾಗಿ ಕೊಡುವುದು ಹೇಗೆ? ಖಾತೆ ಅವರದು. ದೂರು ಹೋದ ಮೇಲೆ ಹಣ ಯಾವ ಬ್ಯಾಂಕಿಗೆ ಹೋಗಿದೆಯೋ ಅಲ್ಲಿಗೆ ಸಂದೇಶ ಹೋಗುತ್ತದೆ. ಆ ಖಾತೆಯಲ್ಲಿ ಇನ್ನೂ ಹಣ ಉಳಿದಿದ್ದರೆ ಬ್ಯಾಂಕ್ ಅದನ್ನು ಹಿಡಿದಿಡುತ್ತದೆ. ಉಳಿದಿದ್ದರೆ ಮಾತ್ರ. ಈ ಮಂದಿ ಬಂದ ದುಡ್ಡನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತಾರೆ. ಹಾಗಾಗಿ ಗಂಟೆ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ಹುಬ್ಬಳ್ಳಿಯವರದು ವಾರದ ಹಿಂದಿನ ಪಾವತಿ. ಅವರೂ ದೂರು ಕೊಟ್ಟರು, ಆದರೆ ದುಡ್ಡು ಆ ಖಾತೆ ಬಿಟ್ಟು ಯಾವಾಗಲೋ ಹೋಗಿತ್ತು. ಮರುದಿನ ಧಾರವಾಡದ ಒಬ್ಬ ಟೀಚರ್ ಫೋನ್ ಮಾಡಿದರು. ಅವರು ಅದೇ ಬೆಳಗ್ಗೆ ಎರಡು ಸೀರೆಗೆ ದುಡ್ಡು ಹಾಕಿದ್ದರು, ಏನೋ ಅನುಮಾನ ಬಂದು ಬೋರ್ಡಿನ ನಂಬರಿಗೆ ಫೋನ್ ಹಚ್ಚಿದ್ದರು. ಬೇರೇನೂ ಮಾತಾಡದೆ ‘ಫೋನ್ ಇಡ್ರಿ, ಮೊದಲು 1930ಕ್ಕೆ ಮಾಡ್ರಿ’ ಅಂದೆ. ಅವರ ಹಣ ಸಿಕ್ಕಿಬಿತ್ತು. ಸಿಕ್ಕಿಬಿತ್ತು ಅಂದರೆ ಕೈಗೆ ಬಂತು ಅಂತ ಅಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ಆದೇಶ ತರಬೇಕಾಯಿತು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಸೆಕ್ಷನ್, ಹಿಂದೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 457. ಆದೇಶ ಸಿಗಲು ತಿಂಗಳುಗಳೇ ಹಿಡಿದವು. ಆದರೂ ಪೂರ್ತಿ ಬಂತು.

ಇನ್ನು ನಮ್ಮ ಕೆಲಸ. ಒಂದು ಇಡೀ ಮಧ್ಯಾಹ್ನ ನಾನೂ ಮೈದುನನೂ ಕೂತು ಸ್ಕ್ರೀನ್‌ಶಾಟ್ ತೆಗೆದೆವು. ಸುಮ್ನೆ ಚಿತ್ರ ಹಿಡಿದರೆ ಸಾಲದು ಅಂತ ವಕೀಲಕ್ಕ ಮೊದಲೇ ಹೇಳಿದ್ದರು. ಪೇಜಿನ ಪೂರ್ತಿ ಲಿಂಕ್ ಕಾಣಬೇಕು. ದಿನಾಂಕ, ಸಮಯ ಕಾಣಬೇಕು. ಕ್ಯೂಆರ್ ಕೋಡ್, ಅದರ ಹಿಂದಿರುವ ಯುಪಿಐ ಐಡಿ ಬೇಕು. ಕಂಪ್ಯೂಟರ್ ಪರದೆಯನ್ನೇ ವಿಡಿಯೋ ಮಾಡಿ, ಪೇಜ್ ತೆರೆಯುವುದರಿಂದ ಹಿಡಿದು ಕೊನೆಯ ಫೋಟೋವರೆಗೆ ಹೋಗಿ ಬಂದೆವು. ಗಿರಾಕಿಗಳ ಹತ್ತಿರ ಅವರ ಚಾಟನ್ನು ಅಳಿಸಬೇಡಿ ಅಂತ ಕೈಮುಗಿದು ಕೇಳಿಕೊಂಡೆವು. ಸಿಟ್ಟಿನಲ್ಲಿ ಒಬ್ಬರು ಆಗಲೇ ಅಳಿಸಿಬಿಟ್ಟಿದ್ದರು.

ಇಂಥ ಸಾಕ್ಷಿ ಕೋರ್ಟಿನಲ್ಲಿ ನಿಲ್ಲಬೇಕಾದರೆ ಜೊತೆಗೊಂದು ಸರ್ಟಿಫಿಕೇಟ್ ಬೇಕು. ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ ಸೆಕ್ಷನ್ ಹೆಸರಲ್ಲಿ 65ಬಿ ಸರ್ಟಿಫಿಕೇಟ್ ಅನ್ನುತ್ತಿದ್ದರು, ಕೋರ್ಟಿನ ಮಂದಿ ಈಗಲೂ ಹಾಗೇ ಅನ್ನುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿಗೆ ಬಂದಿದೆ. ಅದರಲ್ಲಿ ಎರಡು ಭಾಗ. ಮೊದಲನೆಯದನ್ನು ನಾವು ತುಂಬಬೇಕು: ಯಾವ ಫೋನು, ಯಾವ ಕಂಪ್ಯೂಟರು, ಯಾರ ವಶದಲ್ಲಿತ್ತು ಅಂತ. ಎರಡನೆಯದನ್ನು ತಿಳಿದ ತಜ್ಞರು. ಫೈಲಿನ ‘ಹ್ಯಾಶ್’ ಅನ್ನುವ ಒಂದು ಉದ್ದದ ಗುರುತನ್ನೂ ಅದರಲ್ಲಿ ಬರೆಯಬೇಕು. ಫೈಲಿನಲ್ಲಿ ಚೂರು ಬದಲಾದರೂ ಆ ಗುರುತು ಬದಲಾಗಿಬಿಡುತ್ತದೆ. ಇದನ್ನು ಕೇಳಿ ಮೈದುನನಿಗೆ ಬಹಳ ಖುಷಿಯಾಯಿತು. ನನಗೆ ತಲೆನೋವು ಬಂತು.

ಆಮೇಲೆ ಜಿಲ್ಲಾ ಕೇಂದ್ರದ ಸಿಇಎನ್ ಠಾಣೆ. ಸೈಬರ್, ಆರ್ಥಿಕ ಅಪರಾಧ, ಮಾದಕ ವಸ್ತು, ಈ ಮೂರನ್ನೂ ನೋಡುವ ಠಾಣೆ ಅದು. ಮಾಹಿತಿ ತಂತ್ರಜ್ಞಾನ ಕಾಯ್ದೆ, ಅಂದರೆ ಐಟಿ ಕಾಯ್ದೆಯ ಅಪರಾಧಗಳನ್ನು ತನಿಖೆ ಮಾಡಲು ಇನ್ಸ್‌ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನ ಅಧಿಕಾರಿಯೇ ಬೇಕು. ಅಲ್ಲಿನ ಅಧಿಕಾರಿ ನಮ್ಮ ಫೈಲ್ ನೋಡಿ, ‘ಇಷ್ಟು ಜೋಡಿಸಿ ತಂದ್ರೆ ನಮ್ಮ ಅರ್ಧ ಕೆಲಸ ಆದಂಗ’ ಅಂದರು. ದೂರು ದಾಖಲಾದದ್ದು ಐಟಿ ಕಾಯ್ದೆಯ 66ಸಿ, 66ಡಿ ಮತ್ತು ಭಾರತೀಯ ನ್ಯಾಯ ಸಂಹಿತೆಯ 318(4)ರಲ್ಲಿ. 66ಸಿ ಅಂದರೆ ಬೇರೆಯವರ ಗುರುತನ್ನು ಕದ್ದು ಬಳಸುವುದು, 318(4) ಅಂದರೆ ವಂಚನೆ. 66ಡಿ ಅಂದರೆ ಕಂಪ್ಯೂಟರ್, ಫೋನ್ ಬಳಸಿ ಬೇರೆಯವರ ಸೋಗು ಹಾಕಿ ಮೋಸ ಮಾಡುವುದು. ಅದಕ್ಕೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ತನಿಖೆಯಲ್ಲಿ ಖಾತೆ ಬೇರೆ ರಾಜ್ಯದ ಒಬ್ಬ ಹುಡುಗನದು ಅಂತ ಗೊತ್ತಾಯಿತು. ಕಮಿಷನ್ ಆಸೆಗೆ ಅವನು ಖಾತೆಯನ್ನು ಬಾಡಿಗೆಗೆ ಕೊಟ್ಟಿದ್ದ. ಬಾಡಿಗೆಗೆ ಪಡೆದವರ ಹುಡುಕಾಟ ಇನ್ನೂ ನಡೆದಿದೆ.

ಎಫ್‌ಐಆರ್ ಪ್ರತಿ ಕೈಗೆ ಬಂದ ಮೇಲೆಯೇ ಪೇಜನ್ನು ಮುಟ್ಟಿದ್ದು. ಆ್ಯಪ್‌ನಲ್ಲೇ ಇರುವ ‘ಇದು ನಕಲಿ ಖಾತೆ’ ಅನ್ನುವ ರಿಪೋರ್ಟ್ ಒತ್ತಿದೆವು. ಉತ್ತರ ಬಂತು: ನಾವು ಪರಿಶೀಲಿಸಿದ್ದೇವೆ, ನಿಯಮ ಮುರಿದದ್ದು ಕಾಣುವುದಿಲ್ಲ. ಯಂತ್ರ ಕೊಟ್ಟ ಉತ್ತರ ಅಂತ ಎಂಥವರಿಗೂ ಗೊತ್ತಾಗುತ್ತಿತ್ತು. ಮೈದುನ ಸಿಟ್ಟಿಗೆದ್ದು ಕಂಪನಿ ಮೇಲೇ ಕೇಸ್ ಹಾಕೋಣ ಅಂದ. ಅದು ಅಷ್ಟು ಸುಲಭ ಇಲ್ಲ. ಬೇರೆಯವರು ಹಾಕಿದ ವಿಷಯಕ್ಕೆ ಆ್ಯಪ್ ಕಂಪನಿ ಹೊಣೆಯಲ್ಲ ಅಂತ ಐಟಿ ಕಾಯ್ದೆಯ 79ನೇ ಸೆಕ್ಷನ್ ಅದಕ್ಕೆ ರಕ್ಷಣೆ ಕೊಡುತ್ತದೆ. ಸುಪ್ರೀಂ ಕೋರ್ಟ್ 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ, ಕೋರ್ಟಿನ ಆದೇಶವೋ ಸರ್ಕಾರದ ಸೂಚನೆಯೋ ಬಂದ ಮೇಲೂ ತೆಗೆಯದಿದ್ದರೆ ಆಗ ಆ ರಕ್ಷಣೆ ಹೋಗುತ್ತದೆ ಅಂತ ವಿವರಿಸಿತು. ನಮ್ಮಂಥವರ ಒಂದು ರಿಪೋರ್ಟ್ ಆ ಲೆಕ್ಕಕ್ಕೆ ಬರುವುದಿಲ್ಲ.

ಕೆಲಸ ಮಾಡಿದ್ದು ಆ್ಯಪ್ ಕಂಪನಿಯ ಕಾಪಿರೈಟ್ ಫಾರ್ಮ್, ಅಂದರೆ ನಮ್ಮ ಫೋಟೋ ಕದ್ದಿದ್ದಾರೆ ಅಂತ ದೂರುವ ಅರ್ಜಿ. ನಮ್ಮ ದೇಶದಲ್ಲಿ ಫೋಟೋಗೆ ಕಾಪಿರೈಟ್ ಬರಲು ಎಲ್ಲೂ ನೋಂದಣಿ ಮಾಡಿಸಬೇಕಿಲ್ಲ. ತೆಗೆದ ಕ್ಷಣವೇ ತೆಗೆದವರದು. ಆದರೆ ಇಲ್ಲೂ ವಕೀಲಕ್ಕನ ಪ್ರಶ್ನೆ ಎದುರಾಯಿತು. ಆ ಪೇಜಿನಲ್ಲಿದ್ದ ಫೋಟೋಗಳೆಲ್ಲ ಒಬ್ಬರವಲ್ಲ. ಬಹಳಷ್ಟು ಮೈದುನ ತೆಗೆದವು. ಕೆಲವನ್ನು ಹಬ್ಬದ ಮುಂಚೆ ಫೋಟೋಗ್ರಾಫರ್ ಕರೆಸಿ ತೆಗೆಸಿದ್ದೆವು. ದುಡ್ಡು ಕೊಟ್ಟು ತೆಗೆಸಿದ ಫೋಟೋ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರಿಗೇ ಸೇರುತ್ತದೆ ಅಂತ ಕಾಪಿರೈಟ್ ಕಾಯ್ದೆ ಹೇಳುತ್ತದೆ. ಹಾಗಾಗಿ ಅವೂ ನಮ್ಮವೇ. ಮೂರನೆಯವು ನಮ್ಮ ಸೀರೆ ಉಟ್ಟು ಗಿರಾಕಿಗಳೇ ತೆಗೆದು ಕಳಿಸಿದವು. ನಮ್ಮ ಪೇಜಿಗೆ ಹಾಕಿಕೊಳ್ಳಲು ಅವರು ಒಪ್ಪಿದ್ದ ಮೆಸೇಜ್ ಇತ್ತು. ಅಷ್ಟಕ್ಕೆ ಫೋಟೋ ನಮ್ಮದಾಗುವುದಿಲ್ಲ. ಅವನ್ನು ಫಾರ್ಮಿನಲ್ಲಿ ಸೇರಿಸಲಿಲ್ಲ. ಅವರಿಗೇ ವಿಷಯ ತಿಳಿಸಿದೆವು. ತನ್ನ ಮುಖ ಕಳ್ಳರ ಪೇಜಿನಲ್ಲಿದೆ ಅಂತ ತಿಳಿದು ಬೆಳಗಾವಿಯ ಹುಡುಗಿಯೊಬ್ಬಳು ನಡುಗಿಹೋದಳು. ಅವಳ ಹೆಸರಲ್ಲಿ ಅವಳೇ ದೂರು ಕೊಟ್ಟಳು.

ಫೋಟೋ ನಮ್ಮದು ಅಂತ ತೋರಿಸಿಕೊಟ್ಟದ್ದು ಯಾವುದು ಗೊತ್ತಾ? ನಮ್ಮತ್ತೆಯ ಹೆಬ್ಬೆರಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು ಬೇರೆ, ಸೆರಗಿನ ಹಾಸು ಬೇರೆ. ಎರಡರ ನೂಲನ್ನೂ ಒಂದಕ್ಕೊಂದು ಕೊಂಡಿ ಹಾಕಿ ಜೋಡಿಸುತ್ತಾರೆ. ಈ ಜೋಡಣೆ ಸೀರೆಯ ಜೀವ. ಅದನ್ನು ತೋರಿಸಲು ಅತ್ತೆ ಸೆರಗನ್ನು ಹಿಡಿದು ಎತ್ತಿದ್ದರು, ಮೈದುನ ಹತ್ತಿರದಿಂದ ಫೋಟೋ ತೆಗೆದಿದ್ದ. ದಾಳಿಂಬೆ ಕೆಂಪಿನ ಸೆರಗು, ಪಕ್ಕದಲ್ಲಿ ಅರಿಶಿನದ ಕಲೆ ಹತ್ತಿದ ಉಗುರು. ನಕಲಿ ಪೇಜಿನಲ್ಲೂ ಅದೇ ಉಗುರು. ಮೂಲ ಫೋಟೋ ತೆಗೆದ ದಿನ, ಸಮಯದ ಸಮೇತ ಫೋನಿನಲ್ಲಿತ್ತು. ಅದೇ ಗಳಿಗೆಯಲ್ಲಿ ತೆಗೆದ ಇನ್ನೂ ನಾಲ್ಕಾರು ಮಸುಕು ಫೋಟೋಗಳೂ ಇದ್ದವು. ಒಳ್ಳೆಯದನ್ನು ಕದ್ದವನ ಹತ್ತಿರ ಮಸುಕಾದವು ಹೇಗೆ ಬರಬೇಕು? ಎಲ್ಲವನ್ನೂ ಜೋಡಿಸಿ ಕಳಿಸಿದೆವು. ಆ ಫೋಟೋಗಳು ಹೋದವು, ಹಿಂದೆಯೇ ಪೇಜೂ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ದೀಪಾವಳಿಗೆ ಇನ್ನೊಂದು ಪೇಜ್ ಎದ್ದಿತು. ಈ ಸಲ ಜಾಣರಾಗಿದ್ದರು. ಹೆಸರು ಮಾತ್ರ ನಮ್ಮದು, ಫೋಟೋಗಳು ಬೇರೆಲ್ಲಿಂದಲೋ ತಂದವು. ಕಾಪಿರೈಟ್ ಫಾರ್ಮ್ ಇಲ್ಲಿ ನಡೆಯುವುದಿಲ್ಲ. ಆಗ ಹಿಡಿದದ್ದು ಕುಂದುಕೊರತೆ ಅಧಿಕಾರಿಯ ದಾರಿ. 2021ರ ಐಟಿ ನಿಯಮಗಳ ಪ್ರಕಾರ ಇಂಥ ಪ್ರತಿ ಕಂಪನಿಯೂ ಒಬ್ಬ ಕುಂದುಕೊರತೆ ಅಧಿಕಾರಿಯನ್ನು ಇಟ್ಟು, ಹೆಸರು ಮತ್ತು ಸಂಪರ್ಕ ವಿವರ ಪ್ರಕಟಿಸಬೇಕು. ಆಗಿನ ನಿಯಮದಲ್ಲಿ 24 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, 15 ದಿನದೊಳಗೆ ಇತ್ಯರ್ಥ ಮಾಡಬೇಕು ಅಂತ ಇತ್ತು. ಉತ್ತರ ಸರಿಬರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಹೋಗಬಹುದು. 2023ರಲ್ಲಿ ರಚನೆಯಾದ ಸಮಿತಿ ಇದು, ಎಲ್ಲವೂ ಆನ್‌ಲೈನ್‌ನಲ್ಲೇ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಮೊದಲ ಪೇಜಿನ ಎಫ್‌ಐಆರ್ ಪ್ರತಿಯನ್ನು ಮೇಲ್‌ಗೆ ಸೇರಿಸಿದ್ದೆವಲ್ಲ, ಈ ಸಲ ಓದಿದ್ದು ಮನುಷ್ಯರೇ ಅನಿಸಿತು.

ಇದರ ನಡುವೆ ಮನೆಯಲ್ಲಿ ಇನ್ನೊಂದು ಜಗಳ. ಸೀರೆ ಪ್ರಿಯರ ಒಂದು ಗುಂಪಿನಲ್ಲಿ ಮೋಸಹೋದ ಮಹಿಳೆಯೊಬ್ಬರು ನಮ್ಮ ಅಸಲಿ ಪೇಜಿನ ಲಿಂಕ್ ಹಾಕಿ ‘ಇವರು ಕಳ್ಳರು, ಯಾರೂ ತಗೋಬೇಡಿ’ ಅಂತ ಬರೆದುಬಿಟ್ಟರು. ಕೆಳಗೆ ನೂರಾರು ಕಮೆಂಟ್. ಮಾವನವರು ಊಟ ಬಿಟ್ಟು ಕೂತರು. ಬಂದುಹೋಗುವ ನೆಂಟರೊಬ್ಬರು ‘66ಎ ಹಾಕ್ರಿ, ಒಳಗ ಹೋಗ್ತಾರ’ ಅಂತ ಸಲಹೆ ಕೊಟ್ಟರು. ಆನ್‌ಲೈನ್‌ನಲ್ಲಿ ಮನನೋಯಿಸುವಂತೆ ಬರೆದರೆ ಜೈಲು ಅನ್ನುತ್ತಿದ್ದ ಐಟಿ ಕಾಯ್ದೆಯ ಆ 66ಎ ಅನ್ನು ಸುಪ್ರೀಂ ಕೋರ್ಟ್ 2015ರಲ್ಲೇ, ಅದೇ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಹೊಡೆದು ಹಾಕಿದೆ. ಊರಿನ ಬಾಯಲ್ಲಿ ಮಾತ್ರ ಇನ್ನೂ ಬದುಕಿದೆ. ಉಳಿದದ್ದು ಮಾನನಷ್ಟ, ನ್ಯಾಯ ಸಂಹಿತೆಯ 356. ಅದಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವುದಿಲ್ಲ, ನಾವೇ ಮ್ಯಾಜಿಸ್ಟ್ರೇಟರ ಮುಂದೆ ದೂರು ಸಲ್ಲಿಸಬೇಕು. ವಕೀಲಕ್ಕ ನೋಟಿಸ್ ಬರೆಯಲು ಒಪ್ಪಲೇ ಇಲ್ಲ. ‘ಆಕಿ ರೊಕ್ಕ ಕಳಕೊಂಡು ಕುಂತಾಳ. ಆಕಿಗೆ ನೋಟಿಸ್ ಕಳಿಸಿದ್ರ ಊರೇ ನಿಮ್ಮನ್ನ ಕಳ್ಳರು ಅಂತದ.’ ನನಗೂ ಅದೇ ಸರಿ ಅನಿಸಿತು. ಆ ಗುಂಪಿನಲ್ಲೇ ಇಷ್ಟು ಬರೆದೆ:

‘ನಮಸ್ಕಾರ ಅಕ್ಕಾ. ನಿಮ್ಮ ದುಡ್ಡು ಹೋಗಿದ್ದು ಕೇಳಿ ಬೇಸರವಾಯಿತು. ನೀವು ದುಡ್ಡು ಹಾಕಿದ ಪೇಜ್ ನಮ್ಮದಲ್ಲ, ನಮ್ಮ ಹೆಸರಿನ ಕೊನೆಗೆ ಅಡಿಗೆರೆ ಸೇರಿಸಿ ಬೇರೆಯವರು ತೆರೆದದ್ದು. ಈಗಲೇ 1930ಕ್ಕೆ ಕರೆ ಮಾಡಿ, ಯುಟಿಆರ್ ಸಂಖ್ಯೆ ಕೈಯಲ್ಲಿರಲಿ. ನಾವೂ ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಏನಾದರೂ ಸಹಾಯ ಬೇಕಾದರೆ ಬೋರ್ಡಿನಲ್ಲಿರುವ ನಂಬರಿಗೆ ಫೋನ್ ಮಾಡಿ.’

ಅವರು ಫೋನ್ ಮಾಡಿದರು. ತಮ್ಮ ಪೋಸ್ಟ್ ತಾವೇ ತಿದ್ದಿದರು. ಕಮೆಂಟ್ ಹಾಕಿದ ನೂರಾರು ಜನ ತಿರುಗಿ ನೋಡಿದರೋ ಇಲ್ಲವೋ, ದೇವರೇ ಬಲ್ಲ.

ಎಚ್ಚರಿಕೆಯ ಪೋಸ್ಟ್ ಒಂದನ್ನು ನಮ್ಮ ಪೇಜಿನಲ್ಲೂ ಹಾಕಿದೆವು. ಮೈದುನ ಬರೆದ ಕರಡಿನಲ್ಲಿ ಖಾತೆ ಇದ್ದವನ ಹೆಸರು, ಎಲ್ಲಿಂದಲೋ ಹುಡುಕಿದ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ ‘ಈ ಕಳ್ಳನನ್ನು ಹಿಡಿಯಿರಿ’ ಅಂತ ಇತ್ತು. ವಕೀಲಕ್ಕ ಅದನ್ನೆಲ್ಲ ಹೊಡೆದು ಹಾಕಿದರು. ಫೋಟೋದಲ್ಲಿರುವವನು ಅವನೇನಾ? ಅವನೇ ಆದರೂ ಕಳ್ಳ ಅಂತ ತೀರ್ಮಾನಿಸಲು ನಾವು ಯಾರು? ಕೊನೆಗೆ ಉಳಿದದ್ದು ನಕಲಿ ಪೇಜಿನ ಹೆಸರು, ನಮ್ಮ ಸರಿಯಾದ ಲಿಂಕ್, ಮತ್ತು ‘ಬೇರೆ ಯಾವ ಕ್ಯೂಆರ್‌ಗೂ ದುಡ್ಡು ಹಾಕಬೇಡಿ’ ಅನ್ನುವ ಸಾಲು. ಚಪ್ಪೆ ಪೋಸ್ಟ್ ಅಂತ ಮೈದುನ ಮುಖ ಊದಿಸಿದ.

ಇಷ್ಟರಲ್ಲಿ ಸೀರೆ ಕಳಿಸಿ, ಹೊಗಳಿ ರೀಲ್ಸ್ ಮಾಡ್ತೀನಿ ಅಂತ ಸಾವಿರಾರು ಫಾಲೋವರ್ಸ್ ಇರುವ ಹುಡುಗಿಯೊಬ್ಬಳು ಕೇಳಿದ್ದಳು. ಹೆಸರು ಚೇತರಿಸಿಕೊಳ್ಳಲಿ ಅಂತ ಒಪ್ಪಿದೆವು. ಆದರೆ ಪುಕ್ಕಟೆ ಸೀರೆ ತಗೊಂಡು ಮಾಡಿದ್ದೂ ಜಾಹೀರಾತೇ. ಅದು ಕಾಣುವಂತೆ ಬರೆಯಬೇಕು ಅನ್ನುತ್ತವೆ ಗ್ರಾಹಕ ವ್ಯವಹಾರಗಳ ಇಲಾಖೆಯ 2023ರ ಸೂಚನೆಗಳು. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ‘ಜಾಹೀರಾತು’ ಅಂತ ಬರೆದೇ ಹಾಕಿದಳು. ಆರ್ಡರ್ ಏನೂ ಕಡಿಮೆಯಾಗಲಿಲ್ಲ.

ಕೊನೆಗೆ ಹೆಸರು. ಪದೇ ಪದೇ ನಕಲಿ ಪೇಜ್ ಬಂದರೆ ಟ್ರೇಡ್‌ಮಾರ್ಕ್ ಇದ್ದವರ ಮಾತಿಗೆ ತೂಕ ಜಾಸ್ತಿ. ಆ್ಯಪ್ ಕಂಪನಿಗಳಲ್ಲಿ ಅದಕ್ಕಾಗಿಯೇ ಬೇರೆ ಫಾರ್ಮ್ ಇರುತ್ತದೆ, ಅದು ನೋಂದಣಿ ಸಂಖ್ಯೆ ಕೇಳುತ್ತದೆ. ನಮ್ಮ ಅಂಗಡಿಯ ಹೆಸರು ಅತ್ತೆಯ ಹೆಸರು ಮತ್ತು ‘ಇಳಕಲ್ ಸೀರೆ’ ಸೇರಿದ್ದು. ಪೂರ್ತಿ ಹೆಸರನ್ನೇ ನೋಂದಾಯಿಸೋಣ ಅಂತ ಮನೆಯವರ ಆಸೆ. ‘ಇಳಕಲ್ ಯಾರದು?’ ಅಂತ ಕೇಳಿದರು ವಕೀಲಕ್ಕ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಜಿಐ ಇದೆ. ಅದು ಊರಿನ ನೇಕಾರರೆಲ್ಲರದು. ಒಬ್ಬರು ಅದನ್ನು ತಮ್ಮ ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು 1999ರ ಜಿಐ ಕಾಯ್ದೆ ಬಿಡುವುದಿಲ್ಲ. ಟ್ರೇಡ್‌ಮಾರ್ಕ್ ಕಾಯ್ದೆಯೂ ಬರೀ ಊರಿನ ಹೆಸರನ್ನು ಒಪ್ಪುವುದಿಲ್ಲ. ಎದುರುಮನೆಯ ಮಗ್ಗದವರು ನಾಳೆ ತಮ್ಮ ಸೀರೆಗೆ ಇಳಕಲ್ ಅಂತ ಬರೆಯಲು ನಮ್ಮ ಅಪ್ಪಣೆ ಕೇಳಬೇಕಾ? ಮಾವನವರು ‘ಹೌದಲ್ಲ’ ಅಂತ ನಕ್ಕುಬಿಟ್ಟರು.

ಹಾಗಾಗಿ ಅತ್ತೆಯ ಹೆಸರು ಮತ್ತು ಒಂದು ನವಿಲಿನ ಗುರುತು ಮಾತ್ರ ಅರ್ಜಿಗೆ ಹೋದವು. ಟ್ರೇಡ್‌ಮಾರ್ಕ್‌ಗೆ ಸರಕುಗಳನ್ನು ವಿಂಗಡಿಸಿದ ಪಟ್ಟಿಯಲ್ಲಿ ಸೀರೆ 25ನೇ ವರ್ಗಕ್ಕೆ ಬರುತ್ತದೆ. ಒಬ್ಬ ವ್ಯಕ್ತಿಯ ಹೆಸರಲ್ಲೋ ಸಣ್ಣ ಉದ್ದಿಮೆಯ ಹೆಸರಲ್ಲೋ ಆನ್‌ಲೈನ್ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ, ದೊಡ್ಡ ಕಂಪನಿಗಳಿಗೆ 9,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. ಪರಿಶೀಲನೆ ಮುಗಿದು ಟ್ರೇಡ್‌ಮಾರ್ಕ್ ಜರ್ನಲ್‌ನಲ್ಲಿ ಪ್ರಕಟವಾದ ಮೇಲೆ ನಾಲ್ಕು ತಿಂಗಳು ಯಾರು ಬೇಕಾದರೂ ವಿರೋಧಿಸಬಹುದು. ಯಾರೂ ವಿರೋಧಿಸದಿದ್ದರೆ ನೋಂದಣಿ, ಹತ್ತು ವರ್ಷಕ್ಕೊಮ್ಮೆ ನವೀಕರಣ.

ಅರ್ಜಿ ಹಾಕಿದ ಹೊಸದರಲ್ಲಿ ಸೀರೆ ಡಬ್ಬಿಗೆ ಹೊಸ ಲೇಬಲ್ ಮಾಡಿಸಿದೆವು. ಪ್ರೆಸ್‌ನವರು ಚೆಂದ ಕಾಣಲಿ ಅಂತ ಅತ್ತೆಯ ಹೆಸರಿನ ತಲೆಯ ಮೇಲೆ ವೃತ್ತದೊಳಗಿನ ‘ಆರ್’ ಗುರುತು ಕೂರಿಸಿ ಪ್ರೂಫ್ ಕಳಿಸಿದರು. ನೋಂದಣಿ ಆಗದೆ ಆ ಗುರುತು ಹಾಕಿಕೊಂಡರೆ ಟ್ರೇಡ್‌ಮಾರ್ಕ್ ಕಾಯ್ದೆಯ 107ನೇ ಸೆಕ್ಷನ್ನಿನಲ್ಲಿ ಅದೇ ಒಂದು ತಪ್ಪು, ದಂಡ ಬೀಳಬಹುದು. ಅದನ್ನು ತೆಗೆದು, ನೋಂದಣಿಗೆ ಮುಂಚೆಯೂ ಹಾಕಬಹುದಾದ ‘ಟಿಎಂ’ ಹಾಕಿ ಅಂತ ಹೇಳಿದೆ. ‘ಎಲ್ಲಾರೂ ಹಾಕ್ಕೊಂತಾರಲ್ರೀ ಅಕ್ಕಾರ, ಯಾರ್ ಕೇಳ್ತಾರ?’ ಅಂದರು ಅವರು. ಸೆಕ್ಷನ್ ನಂಬರ್ ಹೇಳಿದ ಮೇಲೆ ಸುಮ್ಮನೆ ಪ್ರೂಫ್ ತಿದ್ದಿ ಕಳಿಸಿದರು.